ಕಾಫಿ ಸೀಮೆಯ ಬಡ್ಜಿ ಹಕ್ಕಿಗಳು: ಕಾರಣ ಗೊತ್ತಾಗದ ಕಾಯಿಲೆಗಳ ಪತ್ತೆ

ಬಡ್ಜರಿಗಾರ್ ಅಥವಾ ಬಡ್ಜಿ ಆಸ್ಟ್ರೇಲಿಯದ ಒಳನಾಡಿನ ಪುಟ್ಟ ಗಿಳಿ. ಶಾಸ್ತ್ರೀಯ ಹೆಸರು ಮೆಲೊಪ್ಸಿಟಾಕಸ್ ಅಂಡ್ಯುಲೇಟಸ್. ಜಾರ್ಜ್ ಶಾ 1805ರಲ್ಲಿ ಇದನ್ನು ಮೊದಲು ವಿವರಿಸಿದ. ಜಾನ್ ಗೌಲ್ಡ್ 1840ರಲ್ಲಿ ಜೀವಂತ ಹಕ್ಕಿಗಳನ್ನು ಇಂಗ್ಲೆಂಡಿಗೆ ತಂದ ಮೇಲೆ ಇದು ಸಾಕುಹಕ್ಕಿಯಾಗಿ ಜಗತ್ತಿನೆಲ್ಲೆಡೆ ಹರಡಿತು. ಕರ್ನಾಟಕದ ಅಂಗಡಿಗಳಲ್ಲೂ ಮನೆಗಳಲ್ಲೂ ಇದನ್ನು ಲವ್ ಬರ್ಡ್ಸ್ ಎಂದೇ ಕರೆಯುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕದ ಬೇರೊಂದು ಗಿಳಿ, ತೂಕದಲ್ಲೂ ದೊಡ್ಡದು. ಹಾಗಾಗಿ ಔಷಧ ಕೇಳುವಾಗ ಬಡ್ಜಿ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ನಮ್ಮ ಕಾಡಿನ ಗಿಳಿಗಳನ್ನು ಪಂಜರದಲ್ಲಿಡುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ. ಬಡ್ಜಿ ಹೊರನಾಡಿನದು, ಶತಮಾನಕ್ಕೂ ಮೇಲ್ಪಟ್ಟು ಪಂಜರದಲ್ಲೇ ಮರಿಮಾಡುತ್ತ ಬಂದದ್ದು, ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಯಲ್ಲೂ ಇಲ್ಲದ್ದು. ಗಿಳಿ ಬೇಕೆನ್ನುವ ಮನೆಗೆ ಕೊನೆಗೆ ಬರುವುದು ಇದೇ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಗುಡ್ಡಗಳಲ್ಲಿ ತೋಟದ ಮನೆಯ ಜಗಲಿಯಲ್ಲಿ, ಪೇಟೆ ಮನೆಯ ಟೆರೇಸಿನಲ್ಲಿ, ಹೋಂಸ್ಟೇಗಳ ಅಂಗಳದಲ್ಲಿ ಜಾಲರಿ ಕಟ್ಟಿ ಬಡ್ಜಿ ಸಾಕುತ್ತಾರೆ. ಸಾಕಿದವರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ಒಂದು: ನಿನ್ನೆ ಸಂಜೆ ಚೆನ್ನಾಗಿತ್ತು, ಬೆಳಿಗ್ಗೆ ನೋಡಿದರೆ ಕೆಳಗೆ ಬಿದ್ದಿತ್ತು. ಶೀತ ಆಗಿರಬೇಕು ಎಂದುಕೊಂಡು ಹಕ್ಕಿಯನ್ನು ಕಾಫಿ ಗಿಡದ ಬುಡದಲ್ಲಿ ಹೂತುಬಿಡುತ್ತಾರೆ. ಪತ್ತೆಯ ಕೆಲಸ ಅಲ್ಲಿಗೆ ಮುಗಿಯುತ್ತದೆ. ಕಾರಣ ಗೊತ್ತಾಗದ ಸಾವುಗಳೆಂದು ಲೆಕ್ಕಕ್ಕೆ ಬರುವವುಗಳಲ್ಲಿ ಹೆಚ್ಚಿನವು ಕಾರಣ ಹುಡುಕದೆ ಬಿಟ್ಟ ಸಾವುಗಳು ಎಂಬುದು ಈ ಲೇಖನದ ನಿಲುವು.

ಒಣನಾಡಿನ ಹಕ್ಕಿ, ಮಳೆನಾಡಿನ ಗೂಡು

ಬಡ್ಜಿಯ ಮೈ ರೂಪುಗೊಂಡದ್ದು ಹುಲ್ಲಿನ ಬೀಜ, ಸುಡುವ ಬಿಸಿಲು, ಅಪರೂಪದ ನೀರಿನ ನಾಡಿನಲ್ಲಿ. ಕಳಸ, ಮೂಡಿಗೆರೆಯ ಪಶ್ಚಿಮದ ಅಂಚಿನಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ವಾರಗಟ್ಟಲೆ ಬಿಸಿಲಿನ ಮುಖ ಕಾಣದಿರುವುದು ಉಂಟು. ಇದೇ ಜಿಲ್ಲೆಯ ಕಡೂರಿನ ಬಯಲಿನಲ್ಲಿ ಗೂಡಿಟ್ಟರೆ ಹಕ್ಕಿ ಎದುರಿಸುವ ತೊಂದರೆಗಳೇ ಬೇರೆ. ಆದ್ದರಿಂದ ಬೇರೆ ಊರಿನ ಕೈಪಿಡಿಯ ಸಲಹೆಯನ್ನು ಹಾಗೆಯೇ ಇಲ್ಲಿಗೆ ತಂದು ನೆಡಲು ಆಗುವುದಿಲ್ಲ.

ಚಳಿಯೊಂದೇ ಬಡ್ಜಿಯನ್ನು ಕೊಲ್ಲುವುದು ಅಪರೂಪ. ಒಣಗಿದ, ಗಾಳಿಯ ಸೀಳು ಬೀಳದ ಗೂಡಿದ್ದರೆ ಡಿಸೆಂಬರ್‌ನ ಮಂಜಿನ ಬೆಳಗುಗಳನ್ನು ಅದು ತಾಳಿಕೊಳ್ಳುತ್ತದೆ. ತಾಳಲಾರದ್ದು ತೇವ, ತೇವದ ಬೆನ್ನಿಗೆ ಬರುವ ಬೂಷ್ಟು, ಬಿಸಿಲಿನ ಕೊರತೆ ಮತ್ತು ಮುಚ್ಚಿದ ಮನೆಯ ಹೊಗೆ. ಹಕ್ಕಿಯ ಉಸಿರಾಟದ ರಚನೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಶ್ವಾಸಕೋಶಕ್ಕೆ ಹೊಂದಿಕೊಂಡ ಗಾಳಿಚೀಲಗಳ ಮೂಲಕ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುವುದರಿಂದ ಆಮ್ಲಜನಕವನ್ನು ಹೀರುವಷ್ಟೇ ಚುರುಕಾಗಿ ಅದು ವಿಷವನ್ನೂ ಹೀರುತ್ತದೆ. ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ವಿಷಾನಿಲದ ಮುನ್ಸೂಚನೆಗೆ ಇಟ್ಟುಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ.

ಮೊದಲ ಗುರುತುಗಳು

ಬೇಟೆಗೆ ಗುರಿಯಾಗುವ ಹಕ್ಕಿಗಳೆಲ್ಲ ಕಾಯಿಲೆಯನ್ನು ಮುಚ್ಚಿಡುತ್ತವೆ. ಹಿಂಡಿನಲ್ಲಿ ಸೊರಗಿದಂತೆ ಕಂಡ ಹಕ್ಕಿಯ ಮೇಲೆ ಗಿಡುಗನ ಕಣ್ಣು ಮೊದಲು ಬೀಳುತ್ತದೆ. ಹಾಗಾಗಿ ಬಡ್ಜಿ ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿಕೊಂಡು, ಹಗಲಲ್ಲೇ ಎರಡೂ ಕಾಲಿನ ಮೇಲೆ ನಿಂತು ತೂಕಡಿಸುವುದು ಕಾಯಿಲೆಯ ಆರಂಭವಲ್ಲ, ಬಹಳ ಮುಂದುವರಿದ ಹಂತ. ನಿನ್ನೆ ಸಂಜೆ ಚೆನ್ನಾಗಿದ್ದ ಹಕ್ಕಿ ಸಾಮಾನ್ಯವಾಗಿ ವಾರಗಳಿಂದ ಕಾಯಿಲೆಯಲ್ಲಿತ್ತು.

ಮೋಸ ಮಾಡದ ಗುರುತು ತೂಕ. ವಯಸ್ಕ ಬಡ್ಜಿ ಸಾಮಾನ್ಯವಾಗಿ 30ರಿಂದ 40 ಗ್ರಾಂ ತೂಗುತ್ತದೆ, ಪ್ರದರ್ಶನಕ್ಕೆಂದು ಬೆಳೆಸಿದ ತಳಿಗಳು ಇನ್ನೂ ಹೆಚ್ಚು. 35 ಗ್ರಾಂನ ಹಕ್ಕಿ ಮೂರೂವರೆ ಗ್ರಾಂ ಕಳೆದುಕೊಂಡರೆ ಮೈಯ ಹತ್ತರಲ್ಲೊಂದು ಪಾಲು ಹೋಯಿತು. ಅದು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಪುಕ್ಕ ಮುಚ್ಚುತ್ತದೆ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಗಾಳಿತೂತಿರುವ ಒಂದು ಪುಟ್ಟ ಡಬ್ಬಿ, ಗೋಡೆಯ ಕ್ಯಾಲೆಂಡರ್ ಇಷ್ಟಿದ್ದರೆ ವಾರಕ್ಕೊಮ್ಮೆ ಬೆಳಗಿನ ಕಾಳು ಹಾಕುವ ಮೊದಲು ಎಲ್ಲ ಹಕ್ಕಿಗಳ ತೂಕ ಬರೆದಿಡಬಹುದು. ಯಾವ ಹಕ್ಕಿ ಯಾವುದೆಂದು ತಿಳಿಯಲು ಕಾಲಿಗೆ ಬಣ್ಣದ ಬಳೆ ಬೇಕು. ತಕ್ಕಡಿ ಇಲ್ಲದವರು ಎದೆಯನ್ನು ಬೆರಳಿಂದ ಮುಟ್ಟಿ ನೋಡಬೇಕು. ಎದೆಮೂಳೆಯ ಎರಡೂ ಬದಿ ಮಾಂಸ ತುಂಬಿಕೊಂಡಿರಬೇಕು. ಮೂಳೆ ಕತ್ತಿಯ ಅಂಚಿನಂತೆ ಕೈಗೆ ತಗುಲಿದರೆ ಹಕ್ಕಿ ಕರಗುತ್ತಿದೆ.

ಎರಡನೆಯ ಸಾಕ್ಷಿ ಹಿಕ್ಕೆ. ಆರೋಗ್ಯವಂತ ಬಡ್ಜಿಯ ಹಿಕ್ಕೆಯಲ್ಲಿ ಮೂರು ಭಾಗಗಳಿವೆ: ಹಸಿರು ಅಥವಾ ಕಂದು ಬಣ್ಣದ ಮಲ, ಅದರ ಮೇಲೆ ಕೆನೆಯಂತಹ ಬಿಳಿ ಯೂರೇಟ್, ಸುತ್ತ ತಿಳಿಯಾದ ಸ್ವಲ್ಪ ನೀರು. ದಿನಕ್ಕೆ ಸುಮಾರು ನಲವತ್ತು ಐವತ್ತು ಹಿಕ್ಕೆಗಳು ಬೀಳುತ್ತವೆ. ಗೂಡಿನ ತಳಕ್ಕೆ ಮರಳು, ಭತ್ತದ ಹೊಟ್ಟು ಅಥವಾ ಕಾಫಿ ಸಿಪ್ಪೆ ಹಾಸಿದರೆ ಈ ಸಾಕ್ಷಿಯೆಲ್ಲ ಕಳೆದುಹೋಗುತ್ತದೆ, ಮಳೆಗಾಲದಲ್ಲಿ ಹೊಟ್ಟಿನಲ್ಲಿ ಬೂಷ್ಟೂ ಬೆಳೆಯುತ್ತದೆ. ಹಳೆಯ ಪತ್ರಿಕೆಯ ಹಾಳೆ ಹಾಸಿ ದಿನವೂ ಬದಲಿಸುವುದು ಇದಕ್ಕಿಂತ ಎಷ್ಟೋ ಮೇಲು. ಬಿಳಿ ಭಾಗ ಹಳದಿ ಅಥವಾ ಹಸಿರಿಗೆ ತಿರುಗಿದರೆ ಯಕೃತ್ತಿನ ತೊಂದರೆಯ ಶಂಕೆ. ಮಲದಲ್ಲಿ ಜೀರ್ಣವಾಗದ ಕಾಳು ಕಂಡರೆ ಜಠರದ ಕಾಯಿಲೆ. ಮಲ ತೀರ ಕಡಿಮೆಯಾಗಿ ಬಿಳಿ ಮಾತ್ರ ಬೀಳುತ್ತಿದ್ದರೆ ಹಕ್ಕಿ ತಿನ್ನುತ್ತಿಲ್ಲ. ತಟ್ಟೆಯ ಮುಂದೆ ಕೂತು ಕಾಳಿನ ಸಿಪ್ಪೆ ಬಿಡಿಸುತ್ತ ನುಂಗದೆ ಉದುರಿಸುವ ಹಕ್ಕಿಗಳಿವೆ. ಅವು ತಿನ್ನುತ್ತಿವೆ ಎಂದೇ ಮನೆಯವರು ನಂಬಿರುತ್ತಾರೆ.

ಉಸಿರನ್ನು ದೂರದಿಂದಲೇ ಗಮನಿಸಬೇಕು. ಸುಮ್ಮನೆ ಕೂತ ಹಕ್ಕಿಯ ಬಾಲ ಪ್ರತಿ ಉಸಿರಿಗೂ ಮೇಲೆ ಕೆಳಗೆ ಆಡುತ್ತಿದ್ದರೆ ಅದು ಕಷ್ಟಪಟ್ಟು ಉಸಿರಾಡುತ್ತಿದೆ. ದನಿ ಬದಲಾಗುವುದು, ರಾತ್ರಿ ಕಿರ್‌ ಕಿರ್ ಎನ್ನುವುದು, ತಲೆಯ ಪುಕ್ಕ ಒದ್ದೆಯಾಗಿ ಅಂಟಿಕೊಳ್ಳುವುದು, ಒಂದೇ ಕಾಲು ಸೋಲುವುದು, ಕೊಕ್ಕಿನ ಬುಡದ ಮೆತ್ತನೆಯ ಪಟ್ಟಿಯ ಬಣ್ಣ ತಿರುಗುವುದು, ಇವೆಲ್ಲಕ್ಕೂ ಬೇರೆ ಬೇರೆ ಅರ್ಥವಿದೆ. ಗಂಡಿನ ನೀಲಿ ಪಟ್ಟಿ ಕಂದಾದರೆ ವೃಷಣದ ಗೆಡ್ಡೆಯ ಸಾಧ್ಯತೆಯನ್ನು ನೋಡಬೇಕು. ಪೆಟ್ಟಾಗದೆ ಒಂದು ಕಾಲು ಸೋತರೆ ಮೂತ್ರಪಿಂಡದ ಗೆಡ್ಡೆ ಕಾಲಿನ ನರವನ್ನು ಒತ್ತುತ್ತಿರಬಹುದು. ಬಡ್ಜಿಗಳಲ್ಲಿ ಗೆಡ್ಡೆಗಳು ಇತರ ಗಿಳಿಗಳಿಗಿಂತ ಹೆಚ್ಚು. ಅವು ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ, ಆ ಹಕ್ಕಿಗಾಗಿ ಇಡೀ ಗೂಡಿಗೆ ಔಷಧ ಹಾಕುವುದರಲ್ಲಿ ಅರ್ಥವಿಲ್ಲ.

ಕಾರಣ ಹುಡುಕುವ ಕ್ರಮ

ಪತ್ತೆ ಶುರುವಾಗಬೇಕಾದ್ದು ಔಷಧದ ಅಂಗಡಿಯಲ್ಲಲ್ಲ, ಕೆಲವು ಸರಳ ಪ್ರಶ್ನೆಗಳಿಂದ. ಎಷ್ಟು ಹಕ್ಕಿಗಳಿಗೆ ಬಂತು? ಎಲ್ಲ ಒಂದೇ ದಿನವೋ, ಒಂದರ ಹಿಂದೆ ಒಂದೋ? ದೊಡ್ಡವೋ ಮರಿಗಳೋ? ಗೂಡಿನ ಯಾವ ಮೂಲೆಯವು? ಹಿಂದಿನ ನಲವತ್ತು ದಿನಗಳಲ್ಲಿ ಹೊಸದಾಗಿ ಬಂದದ್ದೇನು: ಹಕ್ಕಿ, ಕಾಳಿನ ಚೀಲ, ಜಾಲರಿ, ಬಣ್ಣ, ಸೊಪ್ಪು, ನೀರಿನ ಮೂಲ, ತೋಟದ ಸಿಂಪಡಣೆ?

ಗಂಟೆಗಳೊಳಗೆ ಹಲವು ಹಕ್ಕಿಗಳು ಒಟ್ಟಿಗೆ ಬಿದ್ದರೆ ವಿಷ ಅಥವಾ ಹೊಗೆಯ ಕಡೆ ನೋಡಬೇಕು. ಎರಡು ಮೂರು ವಾರದ ಅಂತರದಲ್ಲಿ ಒಂದೊಂದೇ ಹೋಗುತ್ತಿದ್ದರೆ ಅಂಟುರೋಗ, ಅಥವಾ ಎಲ್ಲವೂ ತಿನ್ನುತ್ತಿರುವ ಯಾವುದೋ ಕೆಟ್ಟ ಆಹಾರ. ಮರಿಗಳು ಮಾತ್ರ ಸಾಯುತ್ತಿದ್ದರೆ ವೈರಸ್, ಗೂಡಿನ ಮಡಕೆಯ ನುಸಿ, ತಾಯಿಯ ಆಹಾರ. ವರ್ಷಕ್ಕೊಂದು ಮುದಿ ಹಕ್ಕಿ ಹೋದರೆ ಅದು ಗೆಡ್ಡೆಯೋ ವಯಸ್ಸೋ ಇರಬಹುದು. ಈ ವಿಂಗಡಣೆಯಿಂದ ರೋಗದ ಹೆಸರು ಸಿಗುವುದಿಲ್ಲ, ಆದರೆ ಎಲ್ಲಿ ಹುಡುಕಬೇಕೆಂಬುದು ಸಿಗುತ್ತದೆ.

ಹಕ್ಕಿಗಳ ಸಾವಿನ ಬೆನ್ನು ಹಿಡಿದು ಹೋದ ಅತ್ಯಂತ ಫಲವತ್ತಾದ ತನಿಖೆ 1960ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣವಿಲ್ಲದೆ ಸತ್ತವು. ಮೊದಲು ವೈರಸ್ ಎಂದು ಶಂಕಿಸಿ ಅದಕ್ಕೆ ಟರ್ಕಿ ಎಕ್ಸ್ ರೋಗ ಎಂದು ಹೆಸರಿಟ್ಟರು. ಆದರೆ ಕಾಯಿಲೆ ಹಕ್ಕಿಯಿಂದ ಹಕ್ಕಿಗೆ ಅಂಟುತ್ತಿರಲಿಲ್ಲ. ಸತ್ತ ಕೋಳಿಗಳೆಲ್ಲ ತಿಂದದ್ದು ಯಾವ ಮೇವು ಎಂದು ಹಿಂದಕ್ಕೆ ಹೋದಾಗ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ಸಿಕ್ಕಿತು, ಹಿಂಡಿಯಲ್ಲಿ ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು, ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ. ಇಂದು ಮನುಷ್ಯರ ಆಹಾರದಲ್ಲೂ ಅಳೆಯುವ ಈ ವಿಷ ಜಗತ್ತಿಗೆ ಗೊತ್ತಾದದ್ದು ಹಕ್ಕಿಗಳ ಸಾವನ್ನು ಬರೆದಿಟ್ಟುಕೊಂಡು ಬೆನ್ನು ಹತ್ತಿದ್ದರಿಂದ.

ಮಲೆನಾಡಿಗೆ ಈ ಪಾಠ ಹೊಸದೇನಲ್ಲ. 1957ರಲ್ಲಿ ಸಾಗರ, ಸೊರಬದ ಕಡೆಯ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದಾಗ ನಡೆದ ಹುಡುಕಾಟದಿಂದಲೇ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್ಸೂ ಅದನ್ನು ಹರಡುವ ಉಣ್ಣೆಯೂ ಪತ್ತೆಯಾದವು. ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದು ಇಂದು ಇಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಪಂಜರದ ಹಕ್ಕಿಯ ಸಾವಿಗೂ ಅದೇ ಗಮನ ಸಲ್ಲಬೇಕು.

ಬೂಷ್ಟು

ಕಾಫಿ ಗುಡ್ಡದ ಗೂಡುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಾಳಿನ ಡಬ್ಬಿ. ಬಡ್ಜಿಗೆ ಇಲ್ಲಿ ಹಾಕುವುದು ಹೆಚ್ಚಾಗಿ ನವಣೆ, ಜೊತೆಗೆ ಸಜ್ಜೆ ಮತ್ತಿತರ ಸಣ್ಣ ಕಾಳು. ಇವು ಬಯಲುಸೀಮೆಯಲ್ಲಿ ಬೆಳೆದು, ಅಂಗಡಿಯಿಂದ ಅಂಗಡಿಗೆ ಕೈಬದಲಾಗಿ, ಘಾಟಿಯ ತೇವಕ್ಕೆ ಬಂದು ಸೇರುತ್ತವೆ. ಮೇ ತಿಂಗಳಲ್ಲಿ ಇಡೀ ಮಳೆಗಾಲಕ್ಕೆಂದು ಚೀಲಗಟ್ಟಲೆ ತಂದಿಟ್ಟರೆ ಜುಲೈ ಹೊತ್ತಿಗೆ ಅದು ತೇವ ಹೀರಿಕೊಂಡಿರುತ್ತದೆ. ಕಾಫಿಯನ್ನು ಕಣದಲ್ಲಿ ಶೇಕಡಾ ಹತ್ತು ಹನ್ನೊಂದರ ತೇವಾಂಶಕ್ಕೆ ಇಳಿಸದೆ ಚೀಲ ಕಟ್ಟಿದರೆ ಏನಾಗುತ್ತದೆಂದು ಪ್ರತಿ ಬೆಳೆಗಾರನಿಗೂ ಗೊತ್ತು. ನವಣೆಯ ವಿಷಯದಲ್ಲೂ ಅದೇ ಎಚ್ಚರ ಬೇಕು: ತಿಂಗಳಿಗೆ ಸಾಕಾಗುವಷ್ಟೇ ಕೊಳ್ಳುವುದು, ಬಿಸಿಲು ಸಿಕ್ಕ ದಿನ ಒಣಗಿಸಿ ಗಾಳಿಯಾಡದ ಡಬ್ಬಿಗೆ ತುಂಬುವುದು, ಮುಗ್ಗಲು ವಾಸನೆ ಬಂದ ಕಾಳನ್ನು ಮರುಮಾತಿಲ್ಲದೆ ಎಸೆಯುವುದು. ಬೂಷ್ಟು ತೊಳೆದರೆ ಹೋದೀತು, ಅದು ಬಿಟ್ಟ ಅಫ್ಲಟಾಕ್ಸಿನ್ ಹೋಗುವುದಿಲ್ಲ, ಹುರಿದರೂ ಪೂರ್ತಿ ನಾಶವಾಗುವುದಿಲ್ಲ.

ಬೂಷ್ಟು ಎರಡು ದಾರಿಯಲ್ಲಿ ಕೊಲ್ಲುತ್ತದೆ. ವಿಷ ಹೊಟ್ಟೆಗೆ ಹೋದರೆ ಯಕೃತ್ತು ಕೆಡುತ್ತದೆ. ಆಸ್ಪರ್‌ಜಿಲ್ಲಸ್ ಫ್ಯೂಮಿಗೇಟಸ್‌ನ ಬೀಜಕಣಗಳು ಉಸಿರಿನ ಜೊತೆ ಹೋದರೆ ಗಾಳಿಚೀಲಗಳಲ್ಲೇ ಬೂಷ್ಟು ಬೆಳೆಯುತ್ತದೆ. ಇದು ಆಸ್ಪರ್‌ಜಿಲ್ಲೋಸಿಸ್. ದನಿ ಬದಲಾಗುವುದು, ಸ್ವಲ್ಪ ಹಾರಿದರೂ ಏದುವುದು, ನಿಧಾನವಾಗಿ ಬತ್ತುವುದು ಇದರ ಲಕ್ಷಣಗಳು. ಆಂಟಿಬಯೋಟಿಕ್‌ಗೆ ಇದು ಬಗ್ಗುವುದಿಲ್ಲ. ಬದುಕಿರುವ ಬಡ್ಜಿಯಲ್ಲಿ ಖಚಿತಪಡಿಸುವುದು ಕಷ್ಟ, ಸತ್ತ ಹಕ್ಕಿಯ ಎದೆ ತೆರೆದರೆ ಮಾತ್ರ ಗಾಳಿಚೀಲದ ಮೇಲೆ ಹಳದಿ ಬಿಳಿ ಗಂಟುಗಳು ಎದ್ದು ಕಾಣುತ್ತವೆ.

ಕರಗುವ ಹಕ್ಕಿ

ಸದಾ ತಟ್ಟೆಯ ಮುಂದಿರುವ, ಆದರೂ ದಿನದಿಂದ ದಿನಕ್ಕೆ ಇಳಿಯುವ ಬಡ್ಜಿ ಜಗತ್ತಿನ ಎಲ್ಲೆಡೆಯ ಸಾಕಣೆದಾರರನ್ನು ಕಾಡಿದೆ. ಇದಕ್ಕೆ ಬಹಳ ಸಲ ಕಾರಣ ಮ್ಯಾಕ್ರೊರಾಬ್ಡಸ್ ಆರ್ನಿಥೊಗ್ಯಾಸ್ಟರ್. ಸೂಕ್ಷ್ಮದರ್ಶಕದಲ್ಲಿ ಉದ್ದನೆಯ ಕಡ್ಡಿಯಂತೆ ಕಾಣುವ ಇದನ್ನು ದೈತ್ಯ ಬ್ಯಾಕ್ಟೀರಿಯವೆಂದು ತಿಳಿದು ಮೆಗಾಬ್ಯಾಕ್ಟೀರಿಯ ಎಂದು ಕರೆಯುತ್ತಿದ್ದರು. ಅದು ಬ್ಯಾಕ್ಟೀರಿಯವಲ್ಲ, ಶಿಲೀಂಧ್ರ ಎಂದು 2003ರಲ್ಲಿ ಸ್ಥಿರಪಟ್ಟಿತು. ಜಠರದಲ್ಲಿ ಆಮ್ಲ ಸುರಿಸುವ ಭಾಗ ಮತ್ತು ಕಾಳು ಅರೆಯುವ ಭಾಗಗಳ ನಡುವಿನ ಸಂದಿಯಲ್ಲಿ ಅದು ನೆಲೆಸಿ ಜೀರ್ಣಕ್ರಿಯೆ ಕೆಡಿಸುತ್ತದೆ. ವಾಂತಿ, ಹಿಕ್ಕೆಯಲ್ಲಿ ಇಡಿ ಕಾಳು, ಕೆಲವೊಮ್ಮೆ ರಕ್ತಸ್ರಾವದಿಂದ ಕಪ್ಪು ಹಿಕ್ಕೆ ಕಾಣುತ್ತವೆ. ಪತ್ತೆಗೆ ದುಬಾರಿ ಯಂತ್ರ ಬೇಡ. ತಾಜಾ ಹಿಕ್ಕೆಯನ್ನು ಒಂದು ಹನಿ ಸಲೈನ್‌ನಲ್ಲಿ ಕದಡಿ ಗಾಜಿನ ಪಟ್ಟಿಯ ಮೇಲೆ ನೋಡಿದರೆ ಸಾಕು, ತಾಲ್ಲೂಕು ಪಶು ಆಸ್ಪತ್ರೆಯ ಸೂಕ್ಷ್ಮದರ್ಶಕದಲ್ಲೂ ಆಗುವ ಕೆಲಸ. ಒಂದು ಸಲ ಕಾಣದಿದ್ದರೆ ಇಲ್ಲವೆಂದಲ್ಲ, ಬಿಟ್ಟುಬಿಟ್ಟು ಬೀಳುವುದರಿಂದ ಕೆಲವು ದಿನ ಮತ್ತೆ ನೋಡಬೇಕು. ಬಾಯಿಯ ಮೂಲಕ ಕೊಡುವ ಆಂಫೊಟೆರಿಸಿನ್ ಬಿ ಇದರ ಮುಖ್ಯ ಔಷಧ, ಪಶುವೈದ್ಯರ ಕೈಯಲ್ಲೇ ಇರಬೇಕಾದ್ದು.

ತಲೆಯ ಪುಕ್ಕ ಅಂಟಂಟಾಗಿ, ಕಾಳು ಕಕ್ಕಿ ತಲೆ ಒದರುವ ಹಕ್ಕಿಯಲ್ಲಿ ಟ್ರೈಕೊಮೊನಾಸ್ ಎಂಬ ಏಕಕೋಶಜೀವಿಯನ್ನೂ ಹುಡುಕಬೇಕು. ಪಾರಿವಾಳ, ಬೆಳವಗಳಲ್ಲಿ ಅದು ಸಾಮಾನ್ಯ, ನೀರಿನ ಬಟ್ಟಲಿನ ಮೂಲಕ ಬರುತ್ತದೆ. ಮೈಯಿಂದ ಹೊರಬಿದ್ದು ತಣಿದು ಒಣಗಿದರೆ ಬೇಗ ಸಾಯುವುದರಿಂದ ಗಂಟಲಚೀಲದಿಂದ ತೆಗೆದ ಮಾದರಿಯನ್ನು ನಿಂತ ನಿಲುವಿನಲ್ಲೇ ನೋಡಬೇಕು. ಕಳಸದಿಂದ ಬಸ್ಸಿನಲ್ಲಿ ಕಳಿಸಿದ ಮಾದರಿಯಲ್ಲಿ ಅದು ಸಿಗದು. ಹಕ್ಕಿಯನ್ನೇ ಒಯ್ಯಬೇಕು.

ಮಲೆನಾಡಿನಲ್ಲಿ ಇನ್ನೊಂದು ಕಾರಣಕ್ಕೆ ವಿಶೇಷ ಸ್ಥಾನವಿದೆ, ಅದು ಅಯೋಡಿನ್ ಕೊರತೆ. ಬಿರುಮಳೆ ಬೆಟ್ಟದ ಮಣ್ಣಿನ ಅಯೋಡಿನ್ ತೊಳೆದುಕೊಂಡು ಹೋಗುತ್ತದೆ. ಮನುಷ್ಯರಲ್ಲಿ ಗಳಗಂಡ ತಡೆಯಲು ಅಯೋಡಿನ್ ಉಪ್ಪು ಬಂತು, ಬಡ್ಜಿಯ ತಟ್ಟೆಗೆ ಅದು ಬರಲಿಲ್ಲ. ಬರೀ ಕಾಳು ತಿನ್ನುವ ಹಕ್ಕಿಯ ಥೈರಾಯ್ಡ್ ಉಬ್ಬಿ ಉಸಿರ್ನಾಳವನ್ನೂ ಗಂಟಲನ್ನೂ ಒತ್ತುತ್ತದೆ. ಗಳಗಂಡ ಎದೆಯ ಒಳಗೆ ಆಗುವುದರಿಂದ ಹೊರಗೆ ಕಾಣುವುದೇ ಇಲ್ಲ. ಉಸಿರಿನ ಜೊತೆ ಕೀಚು ಸದ್ದು, ಕಾಳು ಕಕ್ಕುವುದು, ಕೂತಾಗ ಕತ್ತು ಚಾಚುವುದು ಲಕ್ಷಣಗಳು. ಶೀತವೆಂದು ಔಷಧ ಕೊಡುವ ಎಷ್ಟೋ ಹಕ್ಕಿಗಳಿಗೆ ಇದೇ ಇರಬಹುದು. ಬಡ್ಜಿಗೆಂದು ಮಾರುವ ಅಯೋಡಿನ್ ಬ್ಲಾಕ್ ಅಥವಾ ವೈದ್ಯರು ಅಳೆದು ಹೇಳಿದ ಹನಿಗಳು ಇದನ್ನು ತಡೆಯುತ್ತವೆ. ಉಪ್ಪು ಸುರಿಯುವುದು ಪರಿಹಾರವಲ್ಲ, ಉಪ್ಪೇ ಹಕ್ಕಿಗೆ ವಿಷ.

ಕಾಳಿನೂಟದ ಇತರ ಕೊರತೆಗಳೂ ಮಳೆಗಾಲದಲ್ಲಿ ಬಯಲಾಗುತ್ತವೆ. ಬಿಸಿಲಿಲ್ಲದೆ ಡಿ ಜೀವಸತ್ವವಿಲ್ಲ, ಅದಿಲ್ಲದೆ ಸುಣ್ಣದಂಶ ಮೈಗೆ ಹತ್ತುವುದಿಲ್ಲ, ಹೆಣ್ಣು ಮೊಟ್ಟೆ ಇಡಲಾಗದೆ ಒದ್ದಾಡುತ್ತದೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಈ ಕೆಲಸಕ್ಕೆ ಬಾರದು. ಜಡಿಮಳೆಯ ತಿಂಗಳುಗಳಲ್ಲಿ ಗೂಡಿನ ಮಡಕೆಗಳನ್ನು ತೆಗೆದಿಟ್ಟು ಮರಿ ಮಾಡಿಸುವುದನ್ನೇ ನಿಲ್ಲಿಸುವುದು ಸರಿ. ಕಟಲ್ ಮೀನಿನ ಮೂಳೆ, ನುಗ್ಗೆ ಸೊಪ್ಪು, ಕೊತ್ತಂಬರಿ, ಕ್ಯಾರೆಟ್ ವರ್ಷವಿಡೀ ಇರಲಿ.

ಮರಿಗಳ ಸಾವು

ಹುಟ್ಟಿ ಎರಡನೆಯ, ಮೂರನೆಯ ವಾರದಲ್ಲಿ, ಹೊಟ್ಟೆ ಉಬ್ಬಿ ಮರಿಗಳು ಸಾಲಾಗಿ ಸಾಯುವುದು ಪಾಲಿಯೋಮಾ ವೈರಸ್ಸಿನ ಗುರುತು. ಬಡ್ಜಿ ಮರಿಗಳ ಈ ರೋಗ 1981ರಲ್ಲಿ ವೈಜ್ಞಾನಿಕವಾಗಿ ವರದಿಯಾಯಿತು. ಬದುಕಿದ ಮರಿಗಳಿಗೆ ರೆಕ್ಕೆ, ಬಾಲದ ಉದ್ದ ಗರಿ ಬಾರದೆ ಅವು ಹಾರಲಾರದೆ ಓಡಾಡುತ್ತವೆ. ಗರಿ ಉದುರುವುದಕ್ಕೆ ಕೊಕ್ಕು ಮತ್ತು ಪುಕ್ಕ ರೋಗದ ಸರ್ಕೋವೈರಸ್ಸೂ ಕಾರಣವಾಗಬಹುದು. ಎರಡನ್ನೂ ಬೇರ್ಪಡಿಸಲು ಪಿಸಿಆರ್ ಪರೀಕ್ಷೆ ಬೇಕು. ಎರಡಕ್ಕೂ ಔಷಧವಿಲ್ಲ. ಗಟ್ಟಿಮುಟ್ಟಾಗಿ ಕಾಣುವ ದೊಡ್ಡ ಹಕ್ಕಿಗಳೇ ವೈರಸ್ ಹೊತ್ತು ತಿರುಗುತ್ತಿರುವುದರಿಂದ ಅಂತಹ ಗೂಡಿನ ಹಕ್ಕಿಗಳನ್ನು ಮಾರುವುದಾಗಲಿ, ನೆಂಟರಿಗೆ ಕೊಡುವುದಾಗಲಿ ಮಾಡಬಾರದು. ಸಾಕಲಾಗದೆ ತೋಟಕ್ಕೆ ಹಾರಿಬಿಡುವುದು ಇನ್ನೂ ದೊಡ್ಡ ತಪ್ಪು. ಈ ಬೆಟ್ಟಗಳು ಪಶ್ಚಿಮಘಟ್ಟಕ್ಕೇ ಸೀಮಿತವಾದ ನೀಲಿರೆಕ್ಕೆ ಗಿಳಿಯ ಮನೆ. ಗಿಳಿಗಳ ರೋಗ ಗಿಳಿಗಳಿಗೆ ದಾಟುತ್ತದೆ.

ಮರಿಗಳು ಬಿಳಿಚಿಕೊಂಡು ಸತ್ತರೆ ರಕ್ತ ಹೀರುವ ಕೆಂಪು ನುಸಿಯನ್ನು ನೋಡಬೇಕು. ಇದು ಹಗಲು ಮಡಕೆಯ ಬಿರುಕಿನಲ್ಲಿ ಅಡಗಿ ರಾತ್ರಿ ಹೊರಬರುತ್ತದೆ. ಗೂಡಿನ ಮೇಲೆ ರಾತ್ರಿ ಬಿಳಿ ಬಟ್ಟೆ ಹೊದಿಸಿ ಬೆಳಗಾಗುವ ಮುಂಚೆ ಟಾರ್ಚ್ ಬಿಟ್ಟು ನೋಡಿದರೆ ಕೆಂಪು ಚುಕ್ಕೆಗಳು ಹರಿದಾಡುತ್ತಿರುತ್ತವೆ. ಕೊಕ್ಕಿನ ಬುಡದಲ್ಲಿ ಜೇನುಹಟ್ಟಿಯಂತೆ ತೂತುತೂತಾದ ಹೊಪ್ಪಳೆ ಬೇರೆಯೇ ನುಸಿಯದು, ಐವರ್ಮೆಕ್ಟಿನ್‌ನ ಸರಿಯಾದ ಹನಿಗೆ ಸುಲಭವಾಗಿ ವಾಸಿಯಾಗುತ್ತದೆ.

ಹೊಗೆ, ಔಷಧ ಸಿಂಪಡಣೆ, ಬೆಣ್ಣೆಹಣ್ಣು

ಮಳೆಗಾಲದಲ್ಲಿ ಗೂಡನ್ನು ಒಳಗೆ ತಂದು ಅಡುಗೆಮನೆಯ ಬೆಚ್ಚಗಿನ ಮೂಲೆಗೆ ಇಡುವುದು ಪ್ರೀತಿಯಿಂದಲೇ. ಸೌದೆ ಒಲೆಯ ಹೊಗೆ, ಬಚ್ಚಲ ಹಂಡೆಯ ಹೊಗೆ, ಒದ್ದೆ ಬಟ್ಟೆ ಒಣಗಿಸುವ ಕೆಂಡ, ಕರೆಂಟು ಹೋದಾಗಿನ ಜನರೇಟರ್, ಸೊಳ್ಳೆಬತ್ತಿ ಎಲ್ಲ ಅಲ್ಲಿಗೇ ಬರುತ್ತವೆ. ನಾನ್‌ಸ್ಟಿಕ್ ಬಾಣಲೆ ಒಲೆಯ ಮೇಲೆ ಮರೆತು ಸುಮಾರು 280 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಬಿಡುವ ಅನಿಲ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲುತ್ತದೆ, ಮನೆಯವರಿಗೆ ವಾಸನೆಯೂ ಬಂದಿರುವುದಿಲ್ಲ.

ತೋಟದ ಕೆಲಸದ ಕ್ಯಾಲೆಂಡರನ್ನು ಹಕ್ಕಿಯ ಸಾವಿನ ದಿನಾಂಕದ ಪಕ್ಕ ಇಟ್ಟು ನೋಡುವುದು ಈ ಸೀಮೆಯಲ್ಲಿ ಅಗತ್ಯ. ಮಳೆಗೆ ಮುಂಚೆ ಕಾಫಿಗೂ ಮೆಣಸಿಗೂ, ಕಳಸದ ಕಡೆ ಅಡಿಕೆಗೂ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಬಿಳಿ ಕಾಂಡಕೊರಕಕ್ಕೆ ಕ್ಲೋರೊಪೈರಿಫಾಸ್‌ನಂತಹ ಕೀಟನಾಶಕ ಬಳಸುವುದುಂಟು. ಸಿಂಪಡಿಸಿದ ಜಾಗದ ಸೊಪ್ಪು, ಕೂರಲು ಕಡಿದು ತಂದ ರೆಂಬೆ, ಗಾಳಿಯಲ್ಲಿ ತೇಲಿಬಂದ ತುಂತುರು ಮೂರೂ ಗೂಡಿಗೆ ವಿಷ ತರಬಲ್ಲವು. ಕೀಟನಾಶಕದ ವಿಷದಲ್ಲಿ ನಡುಕ, ಜೊಲ್ಲು, ಸೆಳೆತ ಕಾಣುತ್ತವೆ. ಸತುವಿನ ಲೇಪದ ಹೊಸ ಜಾಲರಿಯನ್ನು ಕಚ್ಚಿ ಸತುವಿನ ವಿಷವೇರುವುದೂ ಉಂಟು. ಬಾಯಾರಿಕೆ, ಹಸಿರು ಹಿಕ್ಕೆ, ನಿಶ್ಶಕ್ತಿ ಅದರ ಗುರುತು. ಜಾಲರಿಯನ್ನು ವಿನೆಗರ್ ಹಾಕಿ ಉಜ್ಜಿ ತೊಳೆದು, ಕೆಲವು ವಾರ ಮಳೆ ಬಿಸಿಲಿಗೆ ಬಿಟ್ಟು ಬಳಸುವುದು ರೂಢಿ.

ಕಾಫಿಯ ನಡುವೆ ಬೆಳೆಯುವ ಬೆಣ್ಣೆಹಣ್ಣು ಮನುಷ್ಯರಿಗೆ ಒಳ್ಳೆಯದು, ಬಡ್ಜಿಗೆ ಮಾರಕ. ಅದರ ಹಣ್ಣು, ಎಲೆಗಳಲ್ಲಿರುವ ಪರ್ಸಿನ್ ಹೃದಯದ ಸ್ನಾಯುವನ್ನು ಕೆಡಿಸುತ್ತದೆ. ತಿಂದ ಹಕ್ಕಿ ಒಂದೆರಡು ದಿನಗಳಲ್ಲಿ ಸಾಯಬಹುದು. ಕಾಫಿ, ಚಹಾ, ಚಾಕೊಲೇಟ್ ಕೂಡ ಬೇಡ. ಮಕ್ಕಳು ಪ್ರೀತಿಯಿಂದ ತಿನ್ನಿಸಿದ್ದನ್ನು ಗದರದೆ ಕೇಳಿ ತಿಳಿಯಬೇಕು. ಗದರಿದರೆ ಉತ್ತರ ಸಿಗುವುದಿಲ್ಲ.

ನೀರಿನ ಮೂಲವೂ ಪಟ್ಟಿಯಲ್ಲಿರಲಿ. ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ಇಳಿದುಬರುವ ನೀರು ಮೊದಲ ಮಳೆಗೆ ಕೆಂಪಾಗುತ್ತದೆ, ಅದರ ಜೊತೆ ಕರುಳಿನ ಬ್ಯಾಕ್ಟೀರಿಯಗಳೂ ಬರುತ್ತವೆ. ಮಳೆಗಾಲದಲ್ಲಿ ಹಕ್ಕಿಗೂ ಕುದಿಸಿ ಆರಿಸಿದ ನೀರೇ ಇರಬೇಕು.

ನೀರಿಗೆ ಹಾಕುವ ಪುಡಿ

ಹಕ್ಕಿ ಸಪ್ಪಗಾದ ಕೂಡಲೇ ಟೆಟ್ರಾಸೈಕ್ಲಿನ್ ಪುಡಿಯನ್ನು ನೀರಿಗೆ ಕಲಸುವ ಅಭ್ಯಾಸ ಎಲ್ಲೆಡೆ ಇದೆ. ಇದರಷ್ಟು ಪತ್ತೆಗೆ ಅಡ್ಡಬರುವುದು ಇನ್ನೊಂದಿಲ್ಲ. ಒಣನಾಡಿನ ಹಕ್ಕಿ ಮೊದಲೇ ಕಡಿಮೆ ಕುಡಿಯುತ್ತದೆ, ಕಹಿ ನೀರನ್ನು ಇನ್ನೂ ಕಡಿಮೆ, ಕಾಯಿಲೆಯದು ಕುಡಿಯುವುದೇ ಇಲ್ಲ. ಪಕ್ಕದಲ್ಲಿರುವ ಕಟಲ್ ಮೀನಿನ ಮೂಳೆಯ ಸುಣ್ಣ ಔಷಧವನ್ನು ಹೊಟ್ಟೆಯಲ್ಲೇ ಹಿಡಿದುಹಾಕುತ್ತದೆ. ಶಿಲೀಂಧ್ರ, ವೈರಸ್, ವಿಷ, ಗಳಗಂಡ, ಗೆಡ್ಡೆ ಇವಾವಕ್ಕೂ ಅದು ಔಷಧವಲ್ಲ. ಅರ್ಧಂಬರ್ಧ ಕೊಟ್ಟ ಆಂಟಿಬಯೋಟಿಕ್ ಪ್ರಯೋಗಾಲಯದ ಫಲಿತಾಂಶವನ್ನೂ ಮಸುಕಾಗಿಸುತ್ತದೆ. ಮೊದಲು ಮಾಡಬೇಕಾದ್ದು ಶಾಖ ಕೊಡುವುದು. ಹಕ್ಕಿಯನ್ನು ಬೇರೆ ಮಾಡಿ, ರಟ್ಟಿನ ಪೆಟ್ಟಿಗೆಯ ಒಂದು ಮೂಲೆ ಮಾತ್ರ 30 ಡಿಗ್ರಿಯಷ್ಟು ಬೆಚ್ಚಗಿರುವಂತೆ ಬಲ್ಬ್ ಇಡಬೇಕು, ಕರೆಂಟಿಲ್ಲದಾಗ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಬೇಡವಾದರೆ ಹಕ್ಕಿ ತಣ್ಣಗಿನ ಮೂಲೆಗೆ ಸರಿಯಲು ಜಾಗವಿರಲಿ. ಆಮೇಲೆ ವೈದ್ಯರು.

ಸತ್ತ ಹಕ್ಕಿ ಹೇಳುವುದು

ಉಳಿದ ಹಕ್ಕಿಗಳನ್ನು ಉಳಿಸಬಲ್ಲದ್ದು ಹಲವು ಸಲ ಸತ್ತ ಹಕ್ಕಿಯೇ. ದೇಹವನ್ನು ಸಾಬೂನು ನೀರಿನಲ್ಲಿ ನೆನೆಸಿದರೆ ಪುಕ್ಕದೊಳಗಿನ ಶಾಖ ಬೇಗ ಇಳಿಯುತ್ತದೆ, ರೋಗದ ಧೂಳೂ ಏಳುವುದಿಲ್ಲ. ಕೈಗವಸು ತೊಟ್ಟು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಡಬೇಕು, ಫ್ರೀಜರ್‌ನಲ್ಲಿ ಅಲ್ಲ. ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆದು ಅಂಗಾಂಶ ಪರೀಕ್ಷೆ ಕೆಡುತ್ತದೆ. ಒಂದು ದಿನದೊಳಗೆ ಐಸ್ ಪ್ಯಾಕ್ ಜೊತೆ ತಲುಪಿಸಬೇಕು. ತೂಕದ ಬರಹ, ಕಾಳಿನ ಮಾದರಿ, ಕೊನೆಯ ದಿನಗಳ ವಿವರ ಜೊತೆಗಿರಲಿ. ಕಾಫಿ ಸೀಮೆಗೆ ಹತ್ತಿರದ ದೊಡ್ಡ ನೆಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಜೊತೆಗೆ ರಾಜ್ಯದ ಪಶು ರೋಗ ಪತ್ತೆ ಪ್ರಯೋಗಾಲಯವೂ ಇದೆ. ತಾಲ್ಲೂಕಿನ ಪಶುವೈದ್ಯರ ಪತ್ರ ಹಿಡಿದು ಹೋಗುವುದು ಅನುಕೂಲ. ದನ, ನಾಯಿಗಳ ನಡುವೆ ಹಕ್ಕಿಯನ್ನು ಹೆಚ್ಚು ನೋಡದ ವೈದ್ಯರೂ ಬರೆದಿಟ್ಟ ವಿವರವಿದ್ದರೆ ದಾರಿ ಹಿಡಿಯಬಲ್ಲರು.

ಕೋಳಿ, ಕಾಗೆ, ಕೊಳದ ಹಕ್ಕಿಗಳೂ ಜೊತೆಗೇ ಸಾಯುತ್ತಿದ್ದರೆ ಮನೆಯಲ್ಲಿ ದೇಹ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣೆ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸತ್ತಾಗ ಭೋಪಾಲದ ಪ್ರಯೋಗಾಲಯ ಹಕ್ಕಿಜ್ವರವನ್ನು ಖಚಿತಪಡಿಸಿತು. 2017ರ ಜನವರಿಯಲ್ಲಿ ಮೈಸೂರು ಮೃಗಾಲಯದಲ್ಲಿ ನೀರುಹಕ್ಕಿಗಳ ಸಾವಿನ ಬಳಿಕ ಅದೇ ಜ್ವರದ ಇನ್ನೊಂದು ಬಗೆ ಪತ್ತೆಯಾಗಿ ಮೃಗಾಲಯ ಸುಮಾರು ಒಂದು ತಿಂಗಳು ಮುಚ್ಚಿತ್ತು.

ಮನೆಯವರ ಆರೋಗ್ಯಕ್ಕೂ ಇದರ ನಂಟಿದೆ. ಕ್ಲಮಿಡಿಯ ಸಿಟಾಸಿ ಎಂಬ ಬ್ಯಾಕ್ಟೀರಿಯದಿಂದ ಬರುವ ಗಿಳಿಜ್ವರ ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ತಗಲುತ್ತದೆ. 1929–30ರಲ್ಲಿ ದಕ್ಷಿಣ ಅಮೆರಿಕದಿಂದ ಹೋದ ಗಿಳಿಗಳ ಮೂಲಕ ಅದು ಯುರೋಪ್, ಅಮೆರಿಕಗಳಲ್ಲಿ ಹರಡಿ ಜೀವ ತೆಗೆದಿತ್ತು. ಹಕ್ಕಿಯಲ್ಲಿ ಕಣ್ಣು ಸೋರುವುದು, ಹಸಿರು ಭೇದಿ. ಮನುಷ್ಯರಲ್ಲಿ ಜ್ವರ, ತಲೆನೋವು, ಒಣಕೆಮ್ಮು, ನ್ಯುಮೋನಿಯ. ಡಾಕ್ಸಿಸೈಕ್ಲಿನ್ ಇಬ್ಬರಿಗೂ ಔಷಧ, ಹಕ್ಕಿಗೆ ವಾರಗಟ್ಟಲೆ ಕೊಡಬೇಕು. ಪುಕ್ಕದ ಧೂಳಿನ ಅಲರ್ಜಿಯಿಂದ ವರ್ಷಗಳ ಮೇಲೆ ಶ್ವಾಸಕೋಶ ಗಡುಸಾಗುವ ಕಾಯಿಲೆಯೂ ಇದೆ. ಮಳೆಗಾಲದ ಕೆಮ್ಮೆಂದು ಸುಮ್ಮನಿರದೆ, ಮನೆಯಲ್ಲಿ ಹಕ್ಕಿಗಳಿವೆ ಎಂದು ವೈದ್ಯರಿಗೆ ಹೇಳಬೇಕು. ಅವರು ಕೇಳದಿದ್ದರೂ ಹೇಳಬೇಕು. ಗೂಡು ಗುಡಿಸುವ ಮುನ್ನ ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಬೇಕು.

ಖಾಲಿಯಾದ ಗೂಡು

ಸಾವಿನ ಸರಣಿ ಕಂಡ ಗೂಡಿಗೆ ಆತುರದಲ್ಲಿ ಹೊಸ ಜೋಡಿ ತರುವುದರಿಂದ ಅದೇ ಕಥೆ ಮತ್ತೆ ನಡೆಯುತ್ತದೆ. ಮಣ್ಣಿನ ಮಡಕೆ, ಮರದ ಪೆಟ್ಟಿಗೆ, ಹಳೆಯ ಕೋಲುಗಳನ್ನು ತೊಳೆದು ಉಳಿಸುವ ಆಸೆ ಬಿಟ್ಟು ಸುಡುವುದು, ಒಡೆದು ಹೂಳುವುದು ಸರಿ. ಜಾಲರಿ, ನೆಲವನ್ನು ಮೊದಲು ಸಾಬೂನಿನಿಂದ ತೊಳೆದು ಕೊಳೆ ತೆಗೆದು, ಆಮೇಲೆ ಬ್ಲೀಚಿಂಗ್ ದ್ರಾವಣ ಹಾಕಿ, ಚೆನ್ನಾಗಿ ಒಣಗಿಸಬೇಕು. ಕೊಳೆಯ ಮೇಲೆ ಸುರಿದ ಬ್ಲೀಚಿಂಗ್ ಕೆಲಸ ಮಾಡುವುದಿಲ್ಲ. ಪಾಲಿಯೋಮಾ ಶಂಕೆಯಿದ್ದ ಗೂಡಿನಲ್ಲಿ ಆರು ತಿಂಗಳು ಮರಿ ಮಾಡಿಸಬಾರದು. ಈ ಸೀಮೆಯಲ್ಲಿ ಹೊಸ ಹಕ್ಕಿ ತರಲು ಒಳ್ಳೆಯ ಕಾಲ ಮಳೆ ಕಳೆದು ಬಿಸಿಲು ಬಲಿತ ಮೇಲೆ, ಕಾಫಿ ಕೊಯ್ಲಿನ ತಿಂಗಳುಗಳು. ಬಂದ ಹಕ್ಕಿ ಕನಿಷ್ಠ 30 ದಿನ, ಸಾಧ್ಯವಾದರೆ 45 ದಿನ, ಬೇರೆ ಕೋಣೆಯಲ್ಲಿ ಬೇರೆ ಬಟ್ಟಲಿನೊಂದಿಗೆ ಇರಬೇಕು. ಕಾಳು ನೀರು ಕೊಡುವಾಗ ಹಳೆಯ ಹಕ್ಕಿಗಳ ಕೆಲಸ ಮೊದಲು, ಹೊಸದರ ಕೆಲಸ ಕೊನೆಗೆ. ಆ ಅವಧಿಯಲ್ಲಿ ಅದರ ತೂಕವನ್ನು ವಾರಕ್ಕೆ ಎರಡು ಸಲ ಬರೆದು, ಹಿಕ್ಕೆಯನ್ನು ಒಮ್ಮೆಯಾದರೂ ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕು. ಗೂಡಿನ ಮೇಲ್ಭಾಗಕ್ಕೆ ಜಾಲರಿಯ ಬದಲು ಶೀಟು ಹೊದಿಸಿದರೆ ಮಳೆಯ ಜೊತೆಗೆ ಮರದ ಮೇಲಿನ ಕಾಡುಹಕ್ಕಿಗಳ ಹಿಕ್ಕೆಯೂ ಒಳಗೆ ಬೀಳುವುದಿಲ್ಲ.